ಓದಿಕೊಂಡರೆ ಸಾಕಂತೆ!

ಅಮೆರಿಕದಲ್ಲಿ ನೆಲೆ ನಿಂತ ನಮ್ಮವರ ನಡುವೆ ಒಂದು ಮಾತು ಬಹುಕಾಲದಿಂದ ಚಲಾವಣೆಯಲ್ಲಿದೆ. ಊರಿನ ಲ್ಯಾಟಿನೊ ತಂದೆತಾಯಿಗಳು, ವಿದ್ಯಾರ್ಥಿಗಳು ಸೇರಿ ಸ್ಕೂಲ್ ಬೋರ್ಡಿಗೆ ಒಂದು ಮನವಿ ಕೊಡುತ್ತಾರೆ ಎನ್ನಿ. ಸ್ಪ್ಯಾನಿಷ್ ಬಲ್ಲ ಕೌನ್ಸೆಲರ್ ಬೇಕು, ನಮ್ಮ ಚರಿತ್ರೆಗೂ ಪಠ್ಯದಲ್ಲಿ ಜಾಗ ಬೇಕು, ಸಣ್ಣಪುಟ್ಟ ತಪ್ಪಿಗೆಲ್ಲ ನಮ್ಮ ಮಕ್ಕಳನ್ನೇ ಹುಡುಕಿ ಸಸ್ಪೆಂಡ್ ಮಾಡುವುದು ನಿಲ್ಲಬೇಕು, ವಲಸೆ ಅಧಿಕಾರಿಗಳು ಶಾಲೆಯ ಗೇಟು ದಾಟಬಾರದು. ಸಹಿ ಕೇಳಿಕೊಂಡು ಆ ಕಾಗದ ನಮ್ಮವರ ಬಾಗಿಲಿಗೂ ಬರುತ್ತದೆ. ಬಾಗಿಲು ಮುಚ್ಚಿದ ಮೇಲೆ ಒಳಗೆ ನಡೆಯುವ ಮಾತು ಇದು: "ಇವರಿಗೆ ಅರ್ಜಿ ಬರೆಯೋದೇ ಕಸುಬು ಕಣ್ರೀ. ಅಷ್ಟು ಹೊತ್ತು ಕೂತು ಓದಿಕೊಂಡಿದ್ರೆ ಆಗ್ತಿರಲಿಲ್ವಾ? ನಾವು ಎರಡು ಸೂಟ್‌ಕೇಸ್ ಹಿಡ್ಕೊಂಡು ಬಂದವರು. ನಮಗ್ಯಾರು ಏನು ಕೊಟ್ರು?"

ರಜೆಗೆ ಬಂದಾಗ ಈ ಮಾತು ಮೈಸೂರು, ಶಿವಮೊಗ್ಗ, ಧಾರವಾಡದ ಮನೆಗಳಿಗೂ ಬರುತ್ತದೆ. ಇಲ್ಲಿಯವರು ತಲೆದೂಗುತ್ತಾರೆ. ಕಷ್ಟಪಟ್ಟು ಮೇಲೆ ಬಂದವರು ಹೇಳಿದ್ದು, ಸುಳ್ಳಾಗುವುದುಂಟೇ? ಒಬ್ಬರೂ ಮರುಪ್ರಶ್ನೆ ಹಾಕುವುದಿಲ್ಲ. ಹಾಕದಿರುವುದಕ್ಕೇ ಅದು ಇಷ್ಟು ದಿನ ಬದುಕಿದೆ. ಈ ಮಾತಿನಲ್ಲಿ ಅಜ್ಞಾನ ಎಷ್ಟಿದೆಯೋ ಕೃತಘ್ನತೆಯೂ ಅಷ್ಟೇ ಇದೆ.

ಮೊದಲು ಅಜ್ಞಾನದ ಲೆಕ್ಕ ನೋಡೋಣ. "ಓದಿಕೊಳ್ಳಲಿ" ಎನ್ನುತ್ತೀರಲ್ಲ, ಇವರ ಅರ್ಜಿಗಳಲ್ಲಿ ಇದ್ದದ್ದಾದರೂ ಏನು?

1931ರ ಜನವರಿ 5. ಸ್ಯಾನ್ ಡಿಯಾಗೊ ಪಕ್ಕದ ಲೆಮನ್ ಗ್ರೋವ್ ಎಂಬ ಸಣ್ಣ ಊರು. ಕ್ರಿಸ್ಮಸ್ ರಜೆ ಮುಗಿಸಿ ಶಾಲೆಗೆ ಬಂದವರಲ್ಲಿ ಮೆಕ್ಸಿಕನ್ ಮಕ್ಕಳನ್ನು ಮಾತ್ರ ಹೆಡ್‌ಮಾಸ್ಟರು ಬಾಗಿಲಲ್ಲೇ ತಡೆದರು. ನಿಮಗೆ ಬೇರೆ ಶಾಲೆಯಿದೆ, ಅಲ್ಲಿಗೆ ಹೋಗಿ ಎಂದರು. ಎರಡು ಕೋಣೆಯ ಆ ಕಟ್ಟಡವನ್ನು ಊರಿನ ಮೆಕ್ಸಿಕನ್ನರು ಕುದುರೆ ಲಾಯ ಎಂದೇ ಕರೆದರು. ಸುಮಾರು 75 ಮಕ್ಕಳ ತಂದೆತಾಯಿಗಳು, ಹೆಚ್ಚಿನವರು ಹಣ್ಣಿನ ತೋಟಗಳಲ್ಲಿ ದುಡಿಯುವವರು, ಮಕ್ಕಳನ್ನು ಆ ಲಾಯಕ್ಕೆ ಕಳಿಸಲಿಲ್ಲ. ನೆರೆಹೊರೆಯವರ ಸಮಿತಿ ಕಟ್ಟಿಕೊಂಡರು, ರೊಬೆರ್ಟೊ ಆಲ್ವಾರೆಸ್ ಎಂಬ ಹನ್ನೆರಡು ವರ್ಷದ ಹುಡುಗನ ಹೆಸರಿನಲ್ಲಿ ಕೋರ್ಟಿಗೆ ಹೋದರು, ಅದೇ ವರ್ಷ ಗೆದ್ದರು. ಅವರು ಕೇಳಿದ್ದು ಸಬ್ಸಿಡಿಯಲ್ಲ. ಓದಲು ಜಾಗ ಕೇಳಿದರು.

ಇನ್ನೊಂದು, ಇದಕ್ಕಿಂತ ಪ್ರಸಿದ್ಧವಾದದ್ದು. 1940ರ ದಶಕದ ನಡುವೆ ಕ್ಯಾಲಿಫೋರ್ನಿಯಾದ ವೆಸ್ಟ್‌ಮಿನ್‌ಸ್ಟರ್ ಎಂಬ ಊರಿನಲ್ಲಿ ಸೊಲೆದಾದ್ ವಿದಾವ್ರಿ ಎಂಬಾಕೆ ತನ್ನ ಮಕ್ಕಳನ್ನೂ ಸೋದರನ ಮಕ್ಕಳನ್ನೂ ಒಟ್ಟಿಗೆ ಕರೆದುಕೊಂಡು ಶಾಲೆಗೆ ಹೆಸರು ಬರೆಸಲು ಹೋದಳು. ಅವಳ ಮಕ್ಕಳ ಮೈಬಣ್ಣ ಬೆಳ್ಳಗೆ, ಮನೆತನದ ಹೆಸರು ಫ್ರೆಂಚರ ಹೆಸರಿನಂತೆ ಕೇಳುತ್ತಿತ್ತು. ಅವರನ್ನು ಸೇರಿಸಿಕೊಂಡರು. ಸೋದರನ ಮಕ್ಕಳು ಕಪ್ಪಗಿದ್ದರು, ಹೆಸರು ಮೆಂಡೆಸ್. ಅವರು ಮೆಕ್ಸಿಕನ್ ಶಾಲೆಗೆ ಹೋಗಲಿ ಎಂದರು. ಒಂದೇ ಮನೆಯ ಮಕ್ಕಳು, ಒಂದೇ ಸಾಲಿನಲ್ಲಿ ನಿಂತವರು. ಆಕೆ ಸಿಟ್ಟಿನಿಂದ ತನ್ನ ಮಕ್ಕಳನ್ನೂ ವಾಪಸು ಕರೆದುಕೊಂಡು ನಡೆದಳು. ಆ ಇನ್ನೊಂದು ಶಾಲೆಯ ಪಕ್ಕದಲ್ಲಿ ದನ ಮೇಯುವ ಹೊಲ, ನಡುವೆ ಕರೆಂಟ್ ಹರಿಸಿದ ಬೇಲಿ, ಮಕ್ಕಳು ಊಟಕ್ಕೆ ಕೂತರೆ ನೊಣ ಎಂದು ಆಗಿನ ಆ ಹುಡುಗಿ ಸಿಲ್ವಿಯಾ ಮೆಂಡೆಸ್ ದೊಡ್ಡವಳಾದ ಮೇಲೂ ಹೇಳಿಕೊಂಡಿದ್ದಾರೆ. ತಂದೆ ಗೊನ್ಸಾಲೊ ಮೊದಲು ಹೆಡ್‌ಮಾಸ್ಟರನ್ನು ಕೇಳಿದ, ಆಮೇಲೆ ಸ್ಕೂಲ್ ಬೋರ್ಡಿನ ಮೆಟ್ಟಿಲು ಹತ್ತಿದ, ಅಲ್ಲೂ ಆಗದಿದ್ದಾಗ 1945ರಲ್ಲಿ ಬೇರೆ ನಾಲ್ಕು ಕುಟುಂಬಗಳ ಜೊತೆ ದಾವೆ ಹೂಡಿದ. ವಿಚಾರಣೆಯಲ್ಲಿ ಪಕ್ಕದೂರಿನ ಶಾಲೆಗಳ ಸೂಪರಿಂಟೆಂಡೆಂಟ್ ಕಟಕಟೆಯಲ್ಲಿ ನಿಂತು, ಮೆಕ್ಸಿಕನ್ ಮಕ್ಕಳ ತಲೆಯಲ್ಲಿ ಹೇನು, ಕಿವಿ ಕತ್ತು ಕೊಳಕು, ಬುದ್ಧಿಯೂ ಕಡಿಮೆ ಎಂದು ಸಾಕ್ಷ್ಯ ನುಡಿದ. ಬೋರ್ಡಿನವರ ಇನ್ನೊಂದು ನೆಪ ಭಾಷೆ: ಇವರಿಗೆ ಇಂಗ್ಲಿಷ್ ಬರುವುದಿಲ್ಲ. ಮಕ್ಕಳು ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು.

1946ರ ಫೆಬ್ರವರಿಯಲ್ಲಿ ಮೆಂಡೆಸ್ ಕುಟುಂಬ ಗೆದ್ದಿತು, 1947ರ ಏಪ್ರಿಲಿನಲ್ಲಿ ಮೇಲಿನ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಮುಂದೆ ನಡೆದದ್ದನ್ನು ನಮ್ಮವರು ಕಿವಿಗೊಟ್ಟು ಕೇಳಬೇಕು. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಏಷ್ಯಾ ಮೂಲದ ಮಕ್ಕಳನ್ನು, ಅಲ್ಲಿನ ಮೂಲನಿವಾಸಿಗಳ ಮಕ್ಕಳನ್ನು ಬೇರೆ ಶಾಲೆಗೆ ಅಟ್ಟಲು ಅವಕಾಶವಿದ್ದ ಕಾನೂನಿನ ಕಲಮುಗಳನ್ನು ಕಿತ್ತುಹಾಕಿತು. ಸಹಿ ಹಾಕಿದ ಗವರ್ನರ್ ಅರ್ಲ್ ವಾರೆನ್. ಏಳು ವರ್ಷದ ಮೇಲೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ ಕಪ್ಪು ಮಕ್ಕಳನ್ನು ಬೇರೆ ಶಾಲೆಗೆ ಅಟ್ಟುವಂತಿಲ್ಲವೆಂಬ ಬ್ರೌನ್ ತೀರ್ಪು ಬರೆದದ್ದೂ ಆತನೇ. ಇಂದು ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಮಕ್ಕಳು ಬೆನ್ನಿಗೆ ಬ್ಯಾಗು ಹಾಕಿಕೊಂಡು ಯಾವ ಶಾಲೆಯ ಗೇಟನ್ನಾದರೂ ಒಳಹೊಗುತ್ತಾರಲ್ಲ, ಆ ಗೇಟು ತೆಗೆದವರಲ್ಲಿ ತೋಟ ಗುತ್ತಿಗೆ ಹಿಡಿದಿದ್ದ ಒಬ್ಬ ಮೆಕ್ಸಿಕನ್ ರೈತ, ಅವನ ಪೋರ್ಟೊರಿಕೊದ ಹೆಂಡತಿ ಇದ್ದಾರೆ. "ನಮಗ್ಯಾರು ಏನು ಕೊಟ್ರು?" ಎಂಬ ಪ್ರಶ್ನೆಗೆ ಇದು ಮೊದಲ ಉತ್ತರ.

ಹಳೆಯ ಕಥೆ ಬೇಡ ಎನ್ನುವಿರಾ? ಇಪ್ಪತ್ತು ವರ್ಷ ಮುಂದೆ ಬನ್ನಿ. 1968ರ ಮಾರ್ಚಿನಲ್ಲಿ ಪೂರ್ವ ಲಾಸ್ ಏಂಜಲೀಸಿನ ಹೈಸ್ಕೂಲುಗಳಿಂದ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ತರಗತಿ ಬಿಟ್ಟು ಬೀದಿಗೆ ಬಂದರು. ಲಿಂಕನ್ ಹೈಸ್ಕೂಲಿನ ಮೇಷ್ಟ್ರು ಸಾಲ್ ಕ್ಯಾಸ್ಟ್ರೊ ಅವರ ಬೆನ್ನಿಗಿದ್ದರು. ಸ್ಪ್ಯಾನಿಷ್ ಮಾತಾಡಿದ್ದಕ್ಕೆ ಏಟು ಬೀಳುತ್ತಿದ್ದ ಶಾಲೆಗಳು ಅವು. ಊಟದ ಹೊತ್ತಿಗೆ ಶೌಚಾಲಯಕ್ಕೆ ಬೀಗ. ಶಿಕ್ಷೆಯೆಂದರೆ ನೆಲ ಗುಡಿಸುವುದು. ಗಂಡುಹುಡುಗರು ಮೆಕ್ಯಾನಿಕ್ ಕೆಲಸ ಕಲಿಯಲಿ, ಹೆಣ್ಣುಮಕ್ಕಳು ಟೈಪಿಂಗ್ ಕಲಿಯಲಿ, ಕಾಲೇಜಿನ ಮಾತೇಕೆ ಎನ್ನುತ್ತಿದ್ದ ಕೌನ್ಸೆಲರುಗಳು. ಈ ಮಕ್ಕಳು ಬೋರ್ಡಿಗೆ ಕೊಟ್ಟ ಬೇಡಿಕೆಗಳ ಪಟ್ಟಿಯಲ್ಲಿ ಎರಡು ಭಾಷೆಯ ಶಿಕ್ಷಣವಿತ್ತು, ಮೆಕ್ಸಿಕನ್ ಮೂಲದ ಶಿಕ್ಷಕರು ಬೇಕೆಂಬುದಿತ್ತು. ಜೊತೆಗೆ ಲೈಬ್ರರಿ ದೊಡ್ಡದು ಮಾಡಿ ಎಂಬುದೂ ಇತ್ತು! ಹೇಳಿ, ಓದಲು ಮನಸ್ಸಿಲ್ಲದ ಮಗು ಪೊಲೀಸರ ಲಾಠಿಗೆ ಎದೆಯೊಡ್ಡಿ ಲೈಬ್ರರಿ ಕೇಳುತ್ತದೆಯೇ?

ಬೋರ್ಡು ಕೊಟ್ಟ ಉತ್ತರವೂ ಗಮನಿಸಬೇಕಾದ್ದು. ನೀವು ಹೇಳುವುದರಲ್ಲಿ ಬಹಳಷ್ಟು ಸರಿಯಿದೆ, ಆದರೆ ದುಡ್ಡಿಲ್ಲ. ಕೆಲವೇ ತಿಂಗಳಲ್ಲಿ ಕ್ಯಾಸ್ಟ್ರೊ ಸೇರಿ ಹದಿಮೂರು ಜನರ ಮೇಲೆ ಪಿತೂರಿಯ ಆರೋಪ ಹೊರಿಸಲಾಯಿತು. ಶಾಲೆಯ ಶಾಂತಿ ಕದಡುವುದು ಸಣ್ಣ ಅಪರಾಧ, ಕದಡಲು ಮಾತಾಡಿಕೊಂಡದ್ದು ಮಾತ್ರ ದಶಕಗಳ ಜೈಲಿಗೆ ಯೋಗ್ಯವಾದ ಮಹಾಪರಾಧ. ಮೇಲಿನ ಕೋರ್ಟು ಎರಡು ವರ್ಷದ ಮೇಲೆ ಆ ಆರೋಪವನ್ನು ಕಸದ ಬುಟ್ಟಿಗೆ ಹಾಕಿತು. ಮೇಷ್ಟ್ರ ಕೆಲಸ ಹೋಗಿತ್ತು. ಅದನ್ನು ಮರಳಿ ಕೊಡಿಸಲು ಜನ ಬೋರ್ಡಿನ ಕಚೇರಿಯಲ್ಲೇ ದಿನಗಟ್ಟಲೆ ಕೂತು ಧರಣಿ ಮಾಡಬೇಕಾಯಿತು. ಈಗ ಲಾಸ್ ಏಂಜಲೀಸಿನ ಒಂದು ಶಾಲೆಗೆ ಅವರದೇ ಹೆಸರಿದೆ. ಸತ್ತ ಮೇಲೆ ಗೌರವಿಸುವುದು ಎಲ್ಲ ದೇಶಗಳಿಗೂ ಸುಲಭ. ಕ್ಯಾಸ್ಟ್ರೊ ವಿಷಯದಲ್ಲಿ ಬದುಕಿದ್ದಾಗಲೇ ಹೆಸರಿಟ್ಟರು ಎಂಬುದಷ್ಟೇ ಸಮಾಧಾನ.

ಸ್ಪ್ಯಾನಿಷ್ ಮಾತಾಡಿದ್ದಕ್ಕೆ ಏಟು ಎಂದೆ. ಕಾನ್ವೆಂಟಿನ ಅಂಗಳದಲ್ಲಿ ಕನ್ನಡ ಮಾತಾಡಿದ್ದಕ್ಕೆ ದಂಡ ಕಟ್ಟಿದವರು ನಮ್ಮಲ್ಲಿ ಇಲ್ಲವೇ? 1982ರಲ್ಲಿ ಗೋಕಾಕ್ ವರದಿ ಜಾರಿಯಾಗಲಿ ಎಂದು ರಾಜ್‌ಕುಮಾರ್ ಊರೂರು ಸುತ್ತಿದಾಗ ಜಯಕಾರ ಹಾಕಿದವರು ನಾವು. ಇಂದಿಗೂ ಆ ಕಥೆ ಹೇಳುವಾಗ ಮೈ ಉಬ್ಬುತ್ತದೆ. ಶಾಲೆಯಲ್ಲಿ ತಾಯ್ನುಡಿಗೆ ಮರ್ಯಾದೆ ಕೇಳುವುದು ಬೆಂಗಳೂರಿನಲ್ಲಿ ಸ್ವಾಭಿಮಾನ, ಲಾಸ್ ಏಂಜಲೀಸಿನಲ್ಲಿ ಸೋಮಾರಿತನ. ಈ ಬದಲಾವಣೆ ಯಾವ ಸಾಗರದ ಮೇಲೆ ಹಾರುವಾಗ ಆಗುತ್ತದೆ?

ಎರಡನೆಯ ಆರೋಪ, ಇದು ಸ್ವಲ್ಪ ಮೆಲುದನಿಯಲ್ಲಿ ಬರುವಂಥದ್ದು: "ಅವರಿಗೆ ವಿದ್ಯೆಯ ಬೆಲೆ ಗೊತ್ತಿಲ್ಲ. ಟ್ಯಾಕ್ಸ್ ಕಟ್ಟೋರು ನಾವು, ಸೌಲಭ್ಯ ಕೇಳೋರು ಅವರು." ಒಳ್ಳೆಯದು, ಟ್ಯಾಕ್ಸಿನ ಲೆಕ್ಕವನ್ನೇ ಹಾಕೋಣ. ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ ನಗರ, 1967-68ರ ಸಾಲು. ಎಡ್ಜ್‌ವುಡ್ ಎಂಬ ಸ್ಕೂಲ್ ಡಿಸ್ಟ್ರಿಕ್ಟಿನ ಸುಮಾರು 22,000 ಮಕ್ಕಳಲ್ಲಿ ನೂರಕ್ಕೆ ತೊಂಬತ್ತು ಮೆಕ್ಸಿಕನ್ ಮೂಲದವರು. ಅದೇ ನಗರದಲ್ಲಿ ಆಲಮೊ ಹೈಟ್ಸ್ ಎಂಬ, ಬಹುಪಾಲು ಬಿಳಿಯರ, ಉಳ್ಳವರ ಬಡಾವಣೆ. ಎಡ್ಜ್‌ವುಡ್ಡಿನ ಬಡವರು ತಮ್ಮ ಮನೆಗಳ ಮೇಲೆ ನೂರು ಡಾಲರಿಗೆ 1.05 ಡಾಲರ್ ದರದಲ್ಲಿ ತೆರಿಗೆ ಹಾಕಿಕೊಂಡಿದ್ದರು. ನಗರದ ಸುತ್ತಮುತ್ತ ಅದೇ ಅತಿ ಹೆಚ್ಚಿನ ದರ. ಆಲಮೊ ಹೈಟ್ಸಿನ ಸಿರಿವಂತರು ಕಟ್ಟುತ್ತಿದ್ದದ್ದು 85 ಸೆಂಟ್. ಈಗ ಫಲ ನೋಡಿ. ಹೆಚ್ಚು ದರದಲ್ಲಿ ಕಟ್ಟಿದ ಎಡ್ಜ್‌ವುಡ್ಡಿನಲ್ಲಿ ಒಂದು ಮಗುವಿಗೆ ಸಿಕ್ಕ ಸ್ಥಳೀಯ ಹಣ 26 ಡಾಲರ್. ಕಡಿಮೆ ದರದಲ್ಲಿ ಕಟ್ಟಿದ ಆಲಮೊ ಹೈಟ್ಸಿನಲ್ಲಿ 333 ಡಾಲರ್. ಮನೆಗಳಿಗೇ ಬೆಲೆಯಿಲ್ಲದ ಕಡೆ ಎಷ್ಟು ಹಿಂಡಿದರೂ ಬರುವುದು ಅಷ್ಟೇ. ರಾಜ್ಯ, ಕೇಂದ್ರದ ಅನುದಾನ ಎಲ್ಲ ಕೂಡಿಸಿದ ಮೇಲೂ ಇಲ್ಲಿ 356, ಅಲ್ಲಿ 594.

ವಿದ್ಯೆಯ ಬೆಲೆ ಗೊತ್ತಿಲ್ಲದವರು ಯಾರು ಸ್ವಾಮಿ? ತನ್ನ ಗುಡಿಸಲಿನ ಮೇಲೆ ತಾನೇ ಹೆಚ್ಚು ತೆರಿಗೆ ಹೇರಿಕೊಂಡವನೋ, ಅಥವಾ ಬಂಗಲೆಯಲ್ಲಿ ಕೂತು ಕಡಿಮೆ ಕಟ್ಟಿ ಹನ್ನೆರಡು ಪಟ್ಟು ಪಡೆದವನೋ?

1968ರ ಮೇ ತಿಂಗಳಲ್ಲಿ ಎಡ್ಜ್‌ವುಡ್ ಹೈಸ್ಕೂಲಿನ ಸುಮಾರು 400 ಮಕ್ಕಳು ಹೊರನಡೆದರು. ಒಡೆದ ಕಿಟಕಿ, ಅರ್ಹತೆಯಿಲ್ಲದ ಮೇಷ್ಟ್ರುಗಳು, ಮುರಿದ ಪಾಯಖಾನೆ ಇವೇ ಅವರ ದೂರು. ದೆಮೆಟ್ರಿಯೊ ರೊಡ್ರಿಗೆಸ್ ಎಂಬ ಮಾಜಿ ಸೈನಿಕ, ವಾಯುನೆಲೆಯಲ್ಲಿ ತಗಡಿನ ಕೆಲಸ ಮಾಡುವವನು, ಇತರ ಪೋಷಕರ ಜೊತೆ ಕೋರ್ಟಿಗೆ ಹೋದ. 1973ರಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕು ಮತದಿಂದ ಆತನನ್ನು ಸೋಲಿಸಿತು. ಶಿಕ್ಷಣ ಅಮೆರಿಕದ ಸಂವಿಧಾನದಡಿ ಮೂಲಭೂತ ಹಕ್ಕಲ್ಲವಂತೆ. ಆ ಒಂದು ಮತದ ಅಂತರ ಇವತ್ತಿಗೂ ಮಕ್ಕಳ ನಡುವೆ ನಿಂತಿದೆ. ಎಡ್‌ಬಿಲ್ಡ್ ಎಂಬ ಸಂಸ್ಥೆ 2019ರಲ್ಲಿ ಲೆಕ್ಕ ಹಾಕಿದಂತೆ, ಬಿಳಿಯರೇತರ ಮಕ್ಕಳು ಹೆಚ್ಚಿರುವ ಡಿಸ್ಟ್ರಿಕ್ಟುಗಳಿಗೆ, ಸರಿಸುಮಾರು ಅಷ್ಟೇ ಮಕ್ಕಳಿರುವ ಬಿಳಿಯರ ಡಿಸ್ಟ್ರಿಕ್ಟುಗಳಿಗಿಂತ ವರ್ಷಕ್ಕೆ 2,300 ಕೋಟಿ ಡಾಲರ್ ಕಡಿಮೆ ಹೋಗುತ್ತಿತ್ತು.

ನಮ್ಮವರಿಗೆ ಇದೆಲ್ಲ ಗೊತ್ತಿಲ್ಲವೆಂದುಕೊಂಡಿರಾ? ಚೆನ್ನಾಗಿ ಗೊತ್ತು. ಫ್ರೀಮಾಂಟಿನಲ್ಲೋ ಕ್ಯೂಪರ್ಟಿನೊದಲ್ಲೋ ಟೆಕ್ಸಸ್‌ನ ಫ್ರಿಸ್ಕೊದಲ್ಲೋ ಮನೆ ನೋಡುವಾಗ ಅಡುಗೆಮನೆಗಿಂತ ಮೊದಲು ಕೇಳುವುದು ಶಾಲೆಯ ರೇಟಿಂಗು. ಹತ್ತಕ್ಕೆ ಒಂಬತ್ತೋ ಹತ್ತೋ ಇದ್ದರೆ ಮೂವತ್ತು ವರ್ಷದ ಸಾಲ ಮಾಡಿಯಾದರೂ ಆ ಗೆರೆಯೊಳಗೆ ನುಗ್ಗಬೇಕು. ರಸ್ತೆಯ ಆಚೆ ಬದಿಯ ಮನೆ ಅಗ್ಗ, ಆದರೆ ಶಾಲೆ ಬೇರೆ, ಬೇಡ. ಬರೀ ಓದಿಕೊಂಡರೆ ಸಾಕು, ಶಾಲೆ ಯಾವುದಾದರೇನು ಎಂಬ ತಮ್ಮ ತತ್ವವನ್ನು ಇವರು ಸ್ವಂತ ಮಕ್ಕಳ ಮೇಲೆ ಒಮ್ಮೆಯಾದರೂ ಪ್ರಯೋಗಿಸಿದ್ದುಂಟೇ? ಉಳ್ಳವರು ಒಳ್ಳೆಯ ಶಾಲೆಯನ್ನು ಚೆಕ್ ಬರೆದು ಕೊಳ್ಳುತ್ತಾರೆ. ಚೆಕ್ ಬರೆಯಲಾಗದವರು ಅರ್ಜಿ ಬರೆಯುತ್ತಾರೆ. ಮೊದಲನೆಯದು ಜಾಣತನ, ಎರಡನೆಯದು ಗೋಳಾಟ!

ಇನ್ನು ಆ ಎರಡು ಸೂಟ್‌ಕೇಸುಗಳ ವಿಷಯ. ಅದರೊಳಗೆ ಏನಿತ್ತು ಎಂದು ಸ್ವಲ್ಪ ತೆರೆದು ನೋಡಬಾರದೇ? ಉಪ್ಪಿನಕಾಯಿ, ಚಟ್ನಿಪುಡಿಯ ಕೆಳಗೆ ಒಂದು ಇಂಜಿನಿಯರಿಂಗ್ ಡಿಗ್ರಿ ಸರ್ಟಿಫಿಕೇಟು. ಹೆಚ್ಚಿನವರ ಮಟ್ಟಿಗೆ ಸುರತ್ಕಲ್ಲಿನದೋ, ಯುವಿಸಿಇಯದೋ, ಇನ್ಯಾವುದೋ ಸರ್ಕಾರಿ ಇಲ್ಲವೇ ಅನುದಾನಿತ ಕಾಲೇಜಿನದು. ಹೊಲದಲ್ಲಿ ದುಡಿಯುವವನು ಕೊಂಡ ಬೆಂಕಿಪೊಟ್ಟಣದ ತೆರಿಗೆಯಿಂದ ನಡೆದ ಕಾಲೇಜು. ಅಷ್ಟಲ್ಲದೆ ಎಚ್-1ಬಿ ವೀಸಾ ಸಿಗುವುದೇ ಪದವಿ ಇದ್ದವರಿಗೆ. ಲಕ್ಷಾಂತರ ಜನರನ್ನು ಜರಡಿ ಹಿಡಿದು ಓದಿದವರನ್ನಷ್ಟೇ ಒಳಬಿಟ್ಟು, ಆಮೇಲೆ "ನೋಡಿ, ಇವರೆಲ್ಲ ಎಷ್ಟು ಓದಿದ್ದಾರೆ" ಎಂದು ಬೆರಗಾಗುವುದು ಯಾವ ಲೆಕ್ಕಾಚಾರ? ಹೀಗೆ ಆರಿಸಿ ತಂದವರ ಮಕ್ಕಳನ್ನು, ದ್ರಾಕ್ಷಿ ಕೀಳಲು ತಂದವರ ಮೊಮ್ಮಕ್ಕಳ ಪಕ್ಕದಲ್ಲಿ ನಿಲ್ಲಿಸಿ ಎತ್ತರ ಅಳೆಯುತ್ತಾರೆ. ಅಳೆದು ಹೆಮ್ಮೆಪಡುತ್ತಾರೆ.

ಒಳಬಿಟ್ಟದ್ದಾದರೂ ಹೇಗೆ? 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಗತ್ ಸಿಂಗ್ ಥಿಂದ್ ಎಂಬ ಭಾರತೀಯನ ಪೌರತ್ವವನ್ನು ತಳ್ಳಿಹಾಕಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದ ಸಮವಸ್ತ್ರ ತೊಟ್ಟಿದ್ದವನು ಆತ. ತಾನು ಮೇಲ್ಜಾತಿಯ ಆರ್ಯ, ಆದ್ದರಿಂದ ಬಿಳಿಯನೆಂದೇ ಎಣಿಸಬೇಕು ಎಂಬುದು ಆತನ ವಾದವಾಗಿತ್ತು. (ಈ ವಾದದ ವಾಸನೆ ಇನ್ನೂ ಕೆಲವರ ಮನೆಗಳಲ್ಲಿದೆ.) ನ್ಯಾಯಮೂರ್ತಿಗಳು ಒಮ್ಮತದಿಂದ ಇಲ್ಲವೆಂದರು. 1946ರಲ್ಲಿ ಬಾಗಿಲು ಸಂದಿಯಷ್ಟು ತೆರೆಯಿತು: ಇಡೀ ಭಾರತಕ್ಕೆ ವರ್ಷಕ್ಕೆ ನೂರು ಜನ. ನಿಜವಾಗಿ ತೆರೆದದ್ದು 1965ರ ಅಕ್ಟೋಬರಿನ ವಲಸೆ ಕಾನೂನಿನಿಂದ. ಅದರ ಹಿಂದಿನ ವರ್ಷ ನಾಗರಿಕ ಹಕ್ಕುಗಳ ಕಾಯ್ದೆ, ಎರಡು ತಿಂಗಳ ಹಿಂದಷ್ಟೇ ಮತದಾನದ ಹಕ್ಕಿನ ಕಾಯ್ದೆ. ಕಪ್ಪು ಜನ ನಾಯಿಗಳ ಬಾಯಿಗೆ, ನೀರಿನ ಫಿರಂಗಿಗೆ ಮೈಯೊಡ್ಡಿ ಜನಾಂಗದ ಹೆಸರಿನಲ್ಲಿ ಬಾಗಿಲು ಹಾಕುವುದನ್ನು ನಾಚಿಕೆಗೇಡು ಮಾಡಿದ್ದರಿಂದ ಆ ಕಾನೂನು ಬಂತು. ನಮ್ಮವರ ವಿಮಾನ ಇಳಿದದ್ದು ಆಮೇಲೆ. ಹತ್ತಿದ ಏಣಿ ಯಾರದೆಂದು ತಿಳಿಯದಿದ್ದರೆ ಕ್ಷಮಿಸಬಹುದು. ಕೆಳಗೆ ನಿಂತವನಿಗೆ "ನಾನು ಹಾರಿ ಬಂದೆ" ಎಂದರೆ?

ಹಾಗೆಂದು ನಮ್ಮವರು ಅರ್ಜಿ ಬರೆಯುವವರೇ ಅಲ್ಲ ಎಂದುಕೊಳ್ಳಬೇಡಿ. 2005-06ರಲ್ಲಿ ಕ್ಯಾಲಿಫೋರ್ನಿಯಾದ ಆರನೇ ತರಗತಿಯ ಪಠ್ಯಪುಸ್ತಕಗಳಲ್ಲಿ ಹಿಂದೂಧರ್ಮದ ಚಿತ್ರಣ ಸರಿಯಿಲ್ಲವೆಂದು ತಿದ್ದುಪಡಿಗಳ ಕಟ್ಟನ್ನೇ ರಾಜ್ಯ ಶಿಕ್ಷಣ ಮಂಡಳಿಯ ಮುಂದಿಟ್ಟವರು ಯಾರು? ದೀಪಾವಳಿಗೆ ಶಾಲೆಗೆ ರಜೆ ಬೇಕೆಂದು ವರ್ಷಗಟ್ಟಲೆ ಸಹಿ ಸಂಗ್ರಹಿಸಿ, 2023ರಲ್ಲಿ ನ್ಯೂಯಾರ್ಕ್ ನಗರದ ಶಾಲೆಗಳಿಗೆ ಅದನ್ನು ಕಾನೂನಾಗಿಯೇ ಮಾಡಿಸಿಕೊಂಡವರು ಯಾರು? ಗ್ರೀನ್ ಕಾರ್ಡಿನಲ್ಲಿ ಯಾವ ದೇಶಕ್ಕೂ ನೂರಕ್ಕೆ ಏಳಕ್ಕಿಂತ ಹೆಚ್ಚು ಪಾಲಿಲ್ಲ ಎಂಬ ನಿಯಮ ಅನ್ಯಾಯವೆಂದು ವಾಷಿಂಗ್ಟನ್ನಿನ ಕಾಂಗ್ರೆಸ್ ಸದಸ್ಯರ ಬಾಗಿಲು ತಟ್ಟುತ್ತಿರುವವರು ಯಾರು? ರಜೆ ಕೇಳಿದ್ದು ಸರಿಯೇ. ಗ್ರೀನ್ ಕಾರ್ಡಿನ ಸಾಲು ಅನ್ಯಾಯವೆಂಬುದೂ ನಿಜವೇ. ಆದರೆ ನಾವು ಕೇಳಿದರೆ ಹಕ್ಕು, ಅವರು ಕೇಳಿದರೆ ಭಿಕ್ಷೆ ಎಂಬ ವ್ಯಾಕರಣ ಯಾವ ಪಾಠಶಾಲೆಯದು?

ಸರಿ, ಅವರು ಓದಲಿ ಎಂದಿರಲ್ಲ, ಓದಿದಾಗ ಏನಾಯಿತೆಂಬುದಕ್ಕೆ ಅರಿಜೋನಾದ ಟೂಸಾನ್ ನಗರವಿದೆ. 1998ರಲ್ಲಿ ಅಲ್ಲಿನ ಶಾಲೆಗಳಲ್ಲಿ ಮೆಕ್ಸಿಕನ್ ಅಮೆರಿಕನ್ ಅಧ್ಯಯನ ಎಂಬ ಪಾಠಕ್ರಮ ಶುರುವಾಯಿತು. ಆ ಪಾಠ ಕೇಳಿದ ಮಕ್ಕಳು ಪರೀಕ್ಷೆಗಳಲ್ಲಿ ಪಾಸಾಗುವುದೂ ಶಾಲೆ ಮುಗಿಸುವುದೂ ಹೆಚ್ಚಾಯಿತೆಂದು ಅರಿಜೋನಾ ವಿಶ್ವವಿದ್ಯಾಲಯದ ಸಂಶೋಧಕರು ಕಂಡುಕೊಂಡರು. ರಾಜ್ಯ ಮಾಡಿದ್ದೇನು? 2010ರಲ್ಲಿ ಅದನ್ನೇ ಗುರಿಯಿಟ್ಟು ಕಾನೂನು ತಂದಿತು. ಶಿಕ್ಷಣ ಇಲಾಖೆಯೇ ನೇಮಿಸಿದ ಪರಿಶೀಲಕರು ತರಗತಿಗಳಲ್ಲಿ ಕೂತು ನೋಡಿ, ಕಾನೂನು ಮುರಿದ ಪುರಾವೆ ಇಲ್ಲವೆಂದರು. ಆ ವರದಿಯನ್ನು ಪಕ್ಕಕ್ಕಿಟ್ಟು, ಪಾಠ ನಿಲ್ಲಿಸದಿದ್ದರೆ ನೂರಕ್ಕೆ ಹತ್ತರಷ್ಟು ಅನುದಾನ ಕಡಿತ ಎಂದು ಹೆದರಿಸಿದರು. 2011ರ ಏಪ್ರಿಲಿನಲ್ಲಿ ವಿದ್ಯಾರ್ಥಿಗಳು ಬೋರ್ಡ್ ಸದಸ್ಯರ ಕುರ್ಚಿಗಳಿಗೆ ತಮ್ಮನ್ನು ಸರಪಳಿಯಿಂದ ಬಿಗಿದುಕೊಂಡು ಸಭೆ ನಡೆಯದಂತೆ ಮಾಡಿದರು. ಕ್ಲಾಸಿಗೆ ಚಕ್ಕರ್ ಹಾಕಲು ಮಕ್ಕಳು ಗಲಾಟೆ ಮಾಡುವುದನ್ನು ಕಂಡಿದ್ದೇವೆ. ಕ್ಲಾಸು ಬೇಕೆಂದು ಸರಪಳಿ ಹಾಕಿಕೊಂಡವರನ್ನು ಕಂಡಿದ್ದೀರಾ?

2012ರ ಜನವರಿಯಲ್ಲಿ ಬೋರ್ಡು ಮಣಿಯಿತು. ಏಳು ಪುಸ್ತಕಗಳನ್ನು ತರಗತಿಗಳಿಂದ ತೆಗೆದು ಪೆಟ್ಟಿಗೆಗೆ ತುಂಬಿ ಉಗ್ರಾಣಕ್ಕೆ ಸಾಗಿಸಿದರು. ಅವುಗಳಲ್ಲಿ ಪಾವ್ಲೊ ಫ್ರೇರೆಯ ಶಿಕ್ಷಣಶಾಸ್ತ್ರದ ಪ್ರಸಿದ್ಧ ಪುಸ್ತಕವೂ ಒಂದು. ಮಕ್ಕಳ ಕಣ್ಣೆದುರೇ ಕೆಲವು ಕಡೆ ಇದು ನಡೆಯಿತು. 2017ರಲ್ಲಿ ಫೆಡರಲ್ ನ್ಯಾಯಾಧೀಶ ವಾಲೇಸ್ ತಾಶಿಮಾ, ಆ ಕಾನೂನಿನ ಹಿಂದೆ ಇದ್ದದ್ದು ಜನಾಂಗ ದ್ವೇಷವೇ, ಅದು ಸಂವಿಧಾನಬಾಹಿರ ಎಂದು ತೀರ್ಪಿತ್ತರು. ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನಿ ಮೂಲದವರನ್ನು ಕೂಡಿಹಾಕಿದಾಗ, ಬಾಲಕ ತಾಶಿಮಾ ಇದ್ದದ್ದು ಅದೇ ಅರಿಜೋನಾದ ಪೋಸ್ಟನ್ ಶಿಬಿರದಲ್ಲಿ. ವೆಸ್ಟ್‌ಮಿನ್‌ಸ್ಟರಿನಲ್ಲಿ ಮೆಂಡೆಸ್ ಕುಟುಂಬ ಗುತ್ತಿಗೆಗೆ ಹಿಡಿದಿದ್ದ ತೋಟದ ಒಡೆಯರಾದ ಜಪಾನಿ ಕುಟುಂಬವನ್ನು ಸಾಗಿಸಿದ್ದೂ ಪೋಸ್ಟನ್ನಿಗೇ. ಬೇಲಿಯೊಳಗೆ ಬೆಳೆದ ಏಷ್ಯಾ ಮೂಲದ ಒಬ್ಬ ಮನುಷ್ಯನಿಗೆ ಲ್ಯಾಟಿನೊ ಮಕ್ಕಳ ಅರ್ಜಿ ತನ್ನದೆನಿಸಿತು. ಬೇಲಿಯನ್ನೇ ಕಾಣದ ನಮಗೆ ಅದು ಬೇರೆಯವರ ಉಸಾಬರಿ.

ಈಗ ಕೊನೆಯ ಬಾಣ ಹೊರಬರುತ್ತದೆ: "ಅವರೆಲ್ಲ ಕಾನೂನು ಮುರಿದು ಬಂದವರು. ನಾವು ಸಾಲಿನಲ್ಲಿ ನಿಂತು ಬಂದವರು." ಮೊದಲನೆಯದಾಗಿ ಅಮೆರಿಕದ ಲ್ಯಾಟಿನೊ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚಿನವರು ಅಲ್ಲೇ ಹುಟ್ಟಿದ ಪೌರರು. ಕೆಲವರ ಪೂರ್ವಿಕರು ಅಲ್ಲಿದ್ದದ್ದು ಆ ನೆಲ ಅಮೆರಿಕವಾಗುವ ಮೊದಲೇ. 1848ರಲ್ಲಿ ಯುದ್ಧ ಸೋತ ಮೆಕ್ಸಿಕೊ ಆ ನೆಲ ಬಿಟ್ಟುಕೊಟ್ಟಾಗ ಗಡಿಯೇ ಅವರನ್ನು ದಾಟಿ ಮುಂದೆ ಹೋಯಿತು. ಎರಡನೆಯದಾಗಿ, ಕಾಗದವಿಲ್ಲದ ಮಕ್ಕಳಿಗೂ ಶಾಲೆಯ ಬಾಗಿಲು ಮುಚ್ಚುವಂತಿಲ್ಲವೆಂದು ಸುಪ್ರೀಂ ಕೋರ್ಟು 1982ರಲ್ಲೇ ಹೇಳಿದೆ. ತಂದೆತಾಯಿಯ ತಪ್ಪಿಗೆ ಮಗುವನ್ನು ಶಿಕ್ಷಿಸಬಾರದೆಂಬುದು ಆ ತೀರ್ಪಿನ ಸಾರ. ಮೂರನೆಯದನ್ನು ಹೇಳಲು ಸಂಕಟವಾಗುತ್ತದೆ. ಪ್ಯೂ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಕಾಗದವಿಲ್ಲದೆ ಅಲ್ಲಿದ್ದ ಭಾರತೀಯರು ಸುಮಾರು ಏಳು ಲಕ್ಷ. 2025ರ ಫೆಬ್ರವರಿ 5ರಂದು 104 ಭಾರತೀಯರನ್ನು, ಅವರಲ್ಲಿ ಹಲವರಿಗೆ ಕೈಕೋಳ, ಕಾಲಿಗೆ ಸರಪಳಿ ಹಾಕಿ, ಮಿಲಿಟರಿ ವಿಮಾನದಲ್ಲಿ ಅಮೃತಸರಕ್ಕೆ ತಂದಿಳಿಸಿದರು. ಅಂದು ಇಡೀ ದೇಶಕ್ಕೆ ಅವಮಾನವಾಯಿತು. ಗ್ವಾಟೆಮಾಲಾಕ್ಕೆ ಅಂಥ ವಿಮಾನ ಹಾರಿದಾಗ ಏಕೆ ಏನೂ ಆಗಲಿಲ್ಲ?

ಸಾಲಿನಲ್ಲಿ ನಿಂತು ಬಂದವರ ಮಕ್ಕಳ ಸ್ಥಿತಿಯೂ ಕೇಳಿ. ಎರಡು ವರ್ಷದ ಕೂಸಾಗಿ ಬಂದ ಮಗು ಇಪ್ಪತ್ತೊಂದು ತುಂಬಿದ ದಿನ ಅಪ್ಪನ ವೀಸಾದ ನೆರಳು ಕಳೆದುಕೊಳ್ಳುತ್ತದೆ. ಗ್ರೀನ್ ಕಾರ್ಡ್ ಅಷ್ಟರೊಳಗೆ ಬರದಿದ್ದರೆ, ಬೇರೆ ವೀಸಾವೂ ಸಿಗದಿದ್ದರೆ, ನೆನಪೇ ಇಲ್ಲದ ದೇಶಕ್ಕೆ ಹೊರಡಬೇಕು. ಇವರೂ ಈಗ ಮನವಿ ಹಿಡಿದು ನಿಂತಿದ್ದಾರೆ, ನಿಲ್ಲಲೇಬೇಕು. ಬೆಂಬಲಕ್ಕೆ ಯಾರ ಮುಖ ನೋಡುತ್ತಾರೆ? ನಿನ್ನೆ ಯಾರ ಕಾಗದಕ್ಕೆ ಸಹಿ ನಿರಾಕರಿಸಿದ್ದರೋ ಅವರ ಮುಖವನ್ನೇ.

ಇಷ್ಟಕ್ಕೂ ಈ ತಾತ್ಸಾರ ಅಮೆರಿಕದಲ್ಲಿ ಹುಟ್ಟಿದ್ದಲ್ಲ, ವಿಮಾನ ಹತ್ತುವಾಗಲೇ ಜೊತೆಗಿತ್ತು. "ಮೆರಿಟ್" ಎಂಬ ಮಂತ್ರವನ್ನು ಇವರು ಕಲಿತದ್ದು ಬೆಂಗಳೂರಿನ ಕಾಲೇಜು ಹಾಸ್ಟೆಲುಗಳಲ್ಲಿ, ಮೀಸಲಾತಿಯನ್ನು ಬೈಯುತ್ತ ಕಳೆದ ಸಂಜೆಗಳಲ್ಲಿ. ಹೊಸ ನಾಡಿನಲ್ಲಿ ಹೊಸ ಗುರಿ ಸಿಕ್ಕಿತು, ಬೈಗುಳ ಅದೇ. ನೆನಪಿಗಿರಲಿ, 1918ರಲ್ಲಿ ಮೈಸೂರಿನಲ್ಲಿ ಪ್ರಜಾಮಿತ್ರ ಮಂಡಳಿಯವರು ನಾಲ್ವಡಿ ಕೃಷ್ಣರಾಜ ಒಡೆಯರ ಮುಂದೆ ಇಟ್ಟದ್ದೂ ಒಂದು ಮನವಿಯೇ. ಸರ್ಕಾರಿ ನೌಕರಿಗಳೆಲ್ಲ ಒಂದೇ ಜಾತಿಯ ಪಾಲಾಗುತ್ತಿವೆ, ಉಳಿದವರ ಮಕ್ಕಳಿಗೂ ಅವಕಾಶ, ವಿದ್ಯಾರ್ಥಿವೇತನ ಸಿಗಲಿ ಎಂದು ಕೇಳಿದರು. ಅಂದೂ ಅದನ್ನು ಮೆರಿಟ್ಟಿಗೆ ಕುತ್ತು ಎಂದವರಿದ್ದರು. ಭಿನ್ನಾಭಿಪ್ರಾಯದಿಂದ ದಿವಾನ್ ವಿಶ್ವೇಶ್ವರಯ್ಯನವರೇ ರಾಜೀನಾಮೆ ಕೊಟ್ಟರು. ಮನವಿಯನ್ನು ಪರಿಶೀಲಿಸಲು ಮಹಾರಾಜರು ಮಿಲ್ಲರ್ ಸಮಿತಿ ನೇಮಿಸಿದರು. ಆ ಒಂದು ಅರ್ಜಿ ಇಲ್ಲದಿದ್ದರೆ ಇಂದು ಸಿಲಿಕಾನ್ ಕಣಿವೆಯಲ್ಲಿರುವ ಎಷ್ಟು ಕನ್ನಡಿಗರ ಅಜ್ಜಂದಿರು ಅಕ್ಷರ ಕಲಿಯುತ್ತಿದ್ದರು? ಎಣಿಸಿ ನೋಡಿ.

ಬೋರ್ಡುಗಳ ನಯವಂಚನೆಯ ಬಗ್ಗೆಯೂ ಒಂದು ಮಾತು. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯ ಪೊಲೀಸರ ಕೈಯಲ್ಲಿ ಹತನಾದ ಬಳಿಕ ಜನಾಂಗೀಯ ನ್ಯಾಯದ ಹೇಳಿಕೆ ಹೊರಡಿಸದ ಶಾಲೆಯೇ ಅಪರೂಪ. ಅರ್ಜಿ ತಂದವರಿಗೆ ಧನ್ಯವಾದ ಹೇಳಿದರು, ಸಮಿತಿ ಮಾಡಿದರು, ಮರೆತರು. ಕ್ಯಾಲಿಫೋರ್ನಿಯಾ 2021ರಲ್ಲಿ ಹೈಸ್ಕೂಲಿನಲ್ಲಿ ಜನಾಂಗಗಳ ಅಧ್ಯಯನ ಕಡ್ಡಾಯ ಎಂದು ಕಾನೂನು ಮಾಡಿತು, ಹಣ ಒದಗಿಸಿದರೆ ಮಾತ್ರ ಜಾರಿ ಎಂಬ ಷರತ್ತನ್ನೂ ಅದರಲ್ಲೇ ಸೇರಿಸಿತು. 2025ರ ಬಜೆಟ್ಟಿನಲ್ಲಿ ಆ ಹಣ ಬರಲಿಲ್ಲ. 1968ರ ಉತ್ತರವೇ: ನೀವು ಹೇಳುವುದು ಸರಿ, ದುಡ್ಡಿಲ್ಲ. 2025ರಲ್ಲೇ ಲ್ಯಾಟಿನೊ ವಿದ್ಯಾರ್ಥಿಗಳು ಹೆಚ್ಚಿರುವ ಕಾಲೇಜುಗಳೂ ಸೇರಿದಂತೆ ಅಲ್ಪಸಂಖ್ಯಾತರ ಶಿಕ್ಷಣ ಸಂಸ್ಥೆಗಳ 35 ಕೋಟಿ ಡಾಲರ್ ನೆರವನ್ನು ಕೇಂದ್ರ ಶಿಕ್ಷಣ ಇಲಾಖೆ ನಿಲ್ಲಿಸಿತು. ಟೆಕ್ಸಸ್, ತಾನೇ 2001ರಲ್ಲಿ ಕಾಗದವಿಲ್ಲದ ಮಕ್ಕಳಿಗೆ ಕೊಟ್ಟಿದ್ದ ಕಾಲೇಜು ಶುಲ್ಕದ ರಿಯಾಯಿತಿಯನ್ನು ಕೋರ್ಟಿನಲ್ಲಿ ಎದುರಾಡದೆ ಕೈಬಿಟ್ಟಿತು. ಶಾಲೆಗಳ ಒಳಗೆ ವಲಸೆ ಅಧಿಕಾರಿಗಳು ಕಾಲಿಡಬಾರದೆಂಬ ಹಳೆಯ ಕಟ್ಟುಪಾಡು ಜನವರಿಯಲ್ಲೇ ಹೋಗಿತ್ತು. ಇಂಥ ಹೊತ್ತಿನಲ್ಲಿ "ನಮಗೇಕೆ" ಎಂದು ಸುಮ್ಮನಿರುವವನು ತಟಸ್ಥನಲ್ಲ. ಅವನ ಮೌನವನ್ನು ಅಧಿಕಾರದಲ್ಲಿರುವವರು ತಮ್ಮ ಕಡೆಯ ಮತವಾಗಿ ಎಣಿಸಿಕೊಳ್ಳುತ್ತಾರೆ. "ನೋಡಿ, ಏಷ್ಯನ್ನರು ದೂರುತ್ತಾರಾ?" ಎಂದು ನಮ್ಮ ಹೆಸರನ್ನೇ ಹಿಡಿದು ಅವರ ಬಾಯಿ ಮುಚ್ಚಿಸುತ್ತಾರೆ. ನಮ್ಮನ್ನು ಕೇಳದೆ ನಮ್ಮನ್ನು ಬೆತ್ತ ಮಾಡಿಕೊಂಡಿದ್ದಾರೆ, ನಾವು ಅದನ್ನು ಪ್ರಶಸ್ತಿಯೆಂದುಕೊಂಡಿದ್ದೇವೆ.

ಕನ್ನಡ ಕೂಟಗಳು ಯುಗಾದಿಗೆ ಹೋಳಿಗೆ ಊಟ, ರಾಜ್ಯೋತ್ಸವಕ್ಕೆ ಬಾವುಟ, ಊರಿಂದ ಬಂದ ಗಾಯಕರ ಕಚೇರಿ ನಡೆಸುತ್ತವೆ, ಸಂತೋಷ. ಅದರ ಜೊತೆಗೆ ವರ್ಷಕ್ಕೊಮ್ಮೆ ತಮ್ಮ ಊರಿನ ಸ್ಕೂಲ್ ಬೋರ್ಡಿನ ಸಭೆಗೆ ಹತ್ತು ಜನರನ್ನು ಕಳಿಸಲಿ. ಸಾರ್ವಜನಿಕರಿಗೆ ಮಾತಾಡಲು ಅಲ್ಲಿ ಎರಡು-ಮೂರು ನಿಮಿಷ ಕೊಡುತ್ತಾರೆ. ಲ್ಯಾಟಿನೊ ತಾಯಿಯೊಬ್ಬಳು ಸ್ಪ್ಯಾನಿಷ್ ಬಲ್ಲ ಕೌನ್ಸೆಲರ್ ಬೇಕೆಂದು ಕೇಳಿ ಕೂತ ಮೇಲೆ, ಕನ್ನಡದ ತಾಯಿಯೊಬ್ಬಳು ಎದ್ದು "ಅವರು ಕೇಳಿದ್ದು ನ್ಯಾಯ, ಕೊಡಿ" ಎನ್ನಲು ಆರು ಸೆಕೆಂಡು ಸಾಕು. ಪೌರತ್ವ ಪಡೆದವರು ಬೋರ್ಡ್ ಚುನಾವಣೆಯಲ್ಲಿ ಮತ ಹಾಕಿ. ಕೆಲವೇ ನೂರು ಮತಗಳಿಂದ ಅಲ್ಲಿ ಸೋಲು ಗೆಲುವು ತೀರ್ಮಾನವಾಗುವುದುಂಟು. ಶಾಲೆಗಳಿಗೆ ಹಣ ಕೊಡುವ ಪ್ರಸ್ತಾವ ಮತಪತ್ರದಲ್ಲಿ ಬಂದಾಗ, ನಮ್ಮ ಮಕ್ಕಳ ಓದು ಮುಗಿಯಿತಲ್ಲ ಎಂದು ವಿರುದ್ಧ ಗುರುತು ಹಾಕಬೇಡಿ. ಇಲ್ಲಿ, ಕರ್ನಾಟಕದಲ್ಲಿ ಕೂತು ಓದುತ್ತಿರುವ ಅಪ್ಪ ಅಮ್ಮಂದಿರೇ, ಭಾನುವಾರದ ವಿಡಿಯೊ ಕಾಲಿನಲ್ಲಿ ಮಗನೋ ಸೊಸೆಯೋ "ಅವರು ಓದೋದಿಲ್ಲ, ಬರೀ ಅರ್ಜಿ" ಎಂದರೆ ಈ ಸಲ ತಲೆದೂಗಬೇಡಿ. ನಿನ್ನ ಊರಿನ ಆ ಮಕ್ಕಳು ಅರ್ಜಿಯಲ್ಲಿ ಏನು ಕೇಳಿದ್ದಾರೆ, ಓದಿದ್ದೀಯಾ ಎಂದು ಕೇಳಿ. ಉತ್ತರ ಬರುವ ತನಕ ಫೋನ್ ಇಡಬೇಡಿ.